ಸಂಬಳ ಬಿಡುವ ಮುನ್ನ ರುಡ್‌ಸೆಟ್: ಉಚಿತ ತರಬೇತಿ ಎಲ್ಲಿಯವರೆಗೆ ಕೈಹಿಡಿಯುತ್ತದೆ?

ನೆಲದ ಮೇಲೊಂದು ಮರದ ಗೂಟ. ಅದರಿಂದ ಅಡಿಗೊಂದರಂತೆ ಸೀಮೆಸುಣ್ಣದ ಗೆರೆ. ಕೈಗೆ ನಾಲ್ಕೈದು ರಿಂಗು ಕೊಡುತ್ತಾರೆ. ಯಾವ ಗೆರೆಯಲ್ಲಿ ನಿಂತು ಎಸೆಯುವುದು ಅನ್ನುವುದು ನಿಮ್ಮಿಷ್ಟ. ದೂರ ನಿಂತಷ್ಟೂ ಅಂಕ ಜಾಸ್ತಿ. ಎರಡಡಿಯಲ್ಲಿ ನಿಂತು ಎಲ್ಲ ರಿಂಗನ್ನೂ ಹಾಕಿ ಹಿಗ್ಗುವವರು ಇರುತ್ತಾರೆ. ಹನ್ನೆರಡಡಿ ಹಿಂದಕ್ಕೆ ಹೋಗಿ "ಅದೃಷ್ಟ ಇದ್ದರೆ ಬೀಳುತ್ತೆ" ಎಂದು ಬೀಸಿ ಒಗೆಯುವವರೂ ಇರುತ್ತಾರೆ. ತರಬೇತುದಾರರ ಕಣ್ಣು ಇರುವುದು ಇವರಿಬ್ಬರ ನಡುವಿನವರ ಮೇಲೆ. ಅವರು ಮೊದಲ ಸುತ್ತಿಗೆ ಆರಡಿಯಲ್ಲಿ ನಿಲ್ಲುತ್ತಾರೆ, ಎರಡು ಮೂರು ಬಿದ್ದರೆ ಏಳಕ್ಕೆ ಹೋಗುತ್ತಾರೆ, ಒಂದೂ ಬೀಳದಿದ್ದರೆ ಐದಕ್ಕೆ ವಾಪಸು ಬರುತ್ತಾರೆ.

ಗ್ರಾಮೀಣ ಯುವಜನರಿಗೆ ಸ್ವಂತ ಉದ್ಯೋಗ ಶುರುಮಾಡಲು ಉಚಿತವಾಗಿ ಕಲಿಸುವ ರುಡ್‌ಸೆಟ್ ಸಂಸ್ಥೆಯ ತರಬೇತಿಯಲ್ಲಿ ಇದು ಮೊದಲ ದಿನಗಳ ಆಟ. ಇದರ ಬೇರು ಅಮೆರಿಕದ ಮನಶ್ಶಾಸ್ತ್ರಜ್ಞ ಡೇವಿಡ್ ಮೆಕ್ಲೆಲಂಡ್ ಅವರ ಕೆಲಸದಲ್ಲಿದೆ. 1960ರ ದಶಕದಲ್ಲಿ ಅವರು ಆಂಧ್ರದ ಕಾಕಿನಾಡದ ವ್ಯಾಪಾರಿಗಳಿಗೆ ಸಾಧನೆಯ ಹಂಬಲ ಬೆಳೆಸುವ ತರಬೇತಿ ನಡೆಸಿದ್ದರು. ಕೆಲಸ ಬಿಡಲು ಹೆದರುವವರೆಲ್ಲ ಎರಡಡಿಯವರು ಅಂದುಕೊಳ್ಳುತ್ತೇವೆ. ಅಸಲಿಗೆ ಕೆಡುವುದು ಬೇರೆ ಕಡೆ. ಹತ್ತು ವರ್ಷ ಎರಡಡಿಯಲ್ಲೇ ನಿಂತವರು ಒಂದು ದಿನ ಮೇಲಿನವರ ಜೊತೆ ಜಗಳವಾಡಿ ರಾಜೀನಾಮೆ ಬಿಸಾಕುತ್ತಾರೆ, ಪಿಎಫ್ ಬಾಚಿಕೊಂಡು ಹೋಟೆಲ್ ಹಾಕುತ್ತಾರೆ. ಒಂದೇ ನೆಗೆತಕ್ಕೆ ಹನ್ನೆರಡಡಿ! ಅದು ಧೈರ್ಯವಲ್ಲ, ಭಯವೇ ರಟ್ಟೆ ಹಿಡಿದು ಅಲ್ಲಿಗೆ ತಳ್ಳಿರುತ್ತದೆ. ಈ ತರಬೇತಿಯನ್ನು ಸಂಬಳದವರ ಕಣ್ಣಿಂದ ಅಳೆಯುವುದಾದರೆ ಕೇಳಬೇಕಾದ್ದು ಇಷ್ಟೇ: ನಡುವಿನ ಗೆರೆಗಳಲ್ಲಿ ನಿಲ್ಲುವುದನ್ನು ಕಲಿಸುತ್ತದೆಯೇ?

ಮೊದಲು ಇದು ಏನು, ಯಾರದು ಅನ್ನುವುದು. ರುಡ್‌ಸೆಟ್ ಶುರುವಾದದ್ದು 1982ರಲ್ಲಿ, ಬೆಳ್ತಂಗಡಿ ತಾಲ್ಲೂಕಿನ ಉಜಿರೆಯಲ್ಲಿ. ಧರ್ಮಸ್ಥಳದ ಡಾ. ಡಿ. ವೀರೇಂದ್ರ ಹೆಗ್ಗಡೆಯವರ ಮುಂದಾಳತ್ವದಲ್ಲಿ ಧರ್ಮಸ್ಥಳ ಮಂಜುನಾಥೇಶ್ವರ ಶಿಕ್ಷಣ ಟ್ರಸ್ಟ್, ಸಿಂಡಿಕೇಟ್ ಬ್ಯಾಂಕ್, ಕೆನರಾ ಬ್ಯಾಂಕ್ ಸೇರಿ ಕಟ್ಟಿದ ಸಂಸ್ಥೆ. 2020ರಲ್ಲಿ ಸಿಂಡಿಕೇಟ್ ಬ್ಯಾಂಕ್ ಕೆನರಾದೊಳಗೆ ಸೇರಿಹೋಯಿತು. ಈ ಮಾದರಿ ನೋಡಿಯೇ 2009ರಲ್ಲಿ ಕೇಂದ್ರದ ಗ್ರಾಮೀಣಾಭಿವೃದ್ಧಿ ಸಚಿವಾಲಯ ಜಿಲ್ಲೆಗೊಂದು ಆರ್‌ಸೆಟಿ (ಗ್ರಾಮೀಣ ಸ್ವ-ಉದ್ಯೋಗ ತರಬೇತಿ ಸಂಸ್ಥೆ) ಎಂಬ ಯೋಜನೆ ತಂದಿತು. ಹಾಗಾಗಿ ಉಜಿರೆ, ಬ್ರಹ್ಮಾವರ, ಧಾರವಾಡ, ಮೈಸೂರು, ನೆಲಮಂಗಲದ ಅರಿಶಿನಕುಂಟೆಯಂಥ ಕಡೆ ರುಡ್‌ಸೆಟ್ ಹೆಸರಲ್ಲೇ ಇದೆ; ಬೇರೆ ಜಿಲ್ಲೆಗಳಲ್ಲಿ ಬ್ಯಾಂಕುಗಳು ನಡೆಸುವ ಆರ್‌ಸೆಟಿ ಇರುತ್ತದೆ. ಒಳಗಿನ ಪಾಠಕ್ರಮ ಹೆಚ್ಚುಕಮ್ಮಿ ಒಂದೇ.

ಊಟ, ವಸತಿ, ತರಬೇತಿ ಎಲ್ಲ ಉಚಿತ. ಹೈನುಗಾರಿಕೆಯಂಥದ್ದು ಹತ್ತು ದಿನ. ಮೊಬೈಲ್ ರಿಪೇರಿ, ಹೊಲಿಗೆ, ಫೋಟೋಗ್ರಫಿಯಂಥ ಕೈಕೆಲಸ ಒಂದು ತಿಂಗಳ ಹತ್ತಿರ. ಒಂದು ತಂಡಕ್ಕೆ ಸುಮಾರು ಮೂವತ್ತು ಮಂದಿ. ಆಧಾರ್, ರೇಷನ್ ಕಾರ್ಡ್, ಬ್ಯಾಂಕ್ ಪಾಸ್‌ಬುಕ್ಕಿನ ಪ್ರತಿ, ಫೋಟೋ ಇಟ್ಟು ಅರ್ಜಿ ಹಾಕಿದರೆ ಸಂದರ್ಶನಕ್ಕೆ ಕರೆಯುತ್ತಾರೆ.

ಸಂಬಳದವರು ಮೊದಲು ಎಡವುವುದು ಇಲ್ಲೇ. ಇದು ಗ್ರಾಮೀಣ ನಿರುದ್ಯೋಗಿ ಯುವಜನರಿಗೆಂದು ಮಾಡಿದ ವ್ಯವಸ್ಥೆ. ಬಿಪಿಎಲ್ ಕುಟುಂಬದವರಿಗೆ ಆದ್ಯತೆ, ಜೊತೆಗೆ ವಯಸ್ಸಿನ ಮಿತಿ. ಕಾರ್ಖಾನೆಯಲ್ಲಿ, ಅಂಗಡಿಯಲ್ಲಿ, ಸೆಕ್ಯುರಿಟಿ ಕೆಲಸದಲ್ಲಿ ಸಣ್ಣ ಸಂಬಳಕ್ಕಿದ್ದು ಊರಿಗೆ ಮರಳಲು ನೋಡುತ್ತಿರುವವರಿಗೆ ಜಾಗ ಸಿಗುವುದು ಸುಲಭ. ಕೈತುಂಬ ಸಂಬಳ, ನಗರದ ವಿಳಾಸ ಇದ್ದವರು ಸಂದರ್ಶನದಲ್ಲೇ ಹೊರಗುಳಿಯಬಹುದು, ಅದರಲ್ಲಿ ತಪ್ಪೇನೂ ಇಲ್ಲ. ಇನ್ನೊಂದು ತೊಡಕು ರಜೆಯದು. ಇದು ಹಗಲಿಗೆ ಬಂದು ಸಂಜೆ ಮನೆಗೆ ಹೋಗುವ ತರಗತಿಯಲ್ಲ. ತಿಂಗಳ ಕೋರ್ಸಿಗೆ ಗಳಿಕೆ ರಜೆ ಅಷ್ಟೂ ಬೇಕು. ಕೋರ್ಸಿಗಾಗಿಯೇ ಕೆಲಸ ಬಿಟ್ಟು ಬರುವುದು ಮಾತ್ರ ಬೇಡ. ಹತ್ತು ದಿನದ ಕೋರ್ಸಿಗೆ ರಜೆ ಹೊಂದಿಸಿಕೊಂಡು ಬರುವುದೇ ಜಾಣತನ, ಯಾಕೆಂದರೆ ಸಂಬಳದವರಿಗೆ ಬೇಕಾದ ತಿರುಳು ಮೊದಲ ವಾರದಲ್ಲೇ ಇದೆ.

ಬೆಳಿಗ್ಗೆ ಬೇಗ ಏಳಬೇಕು: ಯೋಗ, ಶ್ರಮದಾನ. ಕ್ಯಾಂಪಸ್ ಗುಡಿಸುವುದೂ ತಟ್ಟೆ ತೊಳೆಯುವುದೂ ತರಬೇತಿಯ ಭಾಗ. ತರಗತಿ ಶುರುವಾಗುವುದು 'ಮಿಲ್ಲಿ'ಯಿಂದ: ನಿನ್ನೆ ಕಲಿತದ್ದರಲ್ಲಿ ಮುಖ್ಯವಾದ ಒಂದು ಮಾತನ್ನು ಎದ್ದು ನಿಂತು ಹೇಳಬೇಕು. ಮೊದಲ ದಿನ ಗಂಟಲು ಒಣಗುವವರೂ ಎಂಟನೇ ದಿನಕ್ಕೆ ನಿರರ್ಗಳವಾಗುತ್ತಾರೆ. ಬ್ಯಾಂಕ್ ಮ್ಯಾನೇಜರ್ ಎದುರು ಕೂತು ಮಾತಾಡುವ ದಿನ ಬರುತ್ತದಲ್ಲ, ಇದು ಅದರ ತಾಲೀಮು.

ರಿಂಗಿನ ಆಟದ ಜೊತೆಗೆ ಗೋಪುರದ ಆಟವೂ ಇದೆ. ಒಬ್ಬರ ಕಣ್ಣಿಗೆ ಬಟ್ಟೆ ಕಟ್ಟುತ್ತಾರೆ. ಅವರು ಎಡಗೈಯಲ್ಲಿ ಮರದ ಚೌಕಗಳನ್ನು ಒಂದರ ಮೇಲೊಂದು ಪೇರಿಸಬೇಕು. ಇನ್ನಿಬ್ಬರು ಬಾಯಿಮಾತಿನಲ್ಲಿ ದಾರಿ ತೋರಿಸಬಹುದು. ಎಷ್ಟು ಚೌಕ ನಿಲ್ಲಿಸುತ್ತೀರಿ ಅನ್ನುವುದನ್ನು ಮೊದಲೇ ಹೇಳಿಬಿಡಬೇಕು. ಕಟ್ಟುವವರು ಹೇಳುವ ಸಂಖ್ಯೆಗೂ ನೋಡುವವರು ಹೇಳುವ ಸಂಖ್ಯೆಗೂ ಸಾಮಾನ್ಯವಾಗಿ ಅಜಗಜಾಂತರ. ಪಕ್ಕದವರು "ಬೀಳುತ್ತೆ, ಬೀಳುತ್ತೆ" ಅಂದಷ್ಟೂ ಕೈ ನಡುಗುತ್ತದೆ. "ಸ್ವಲ್ಪ ಬಲಕ್ಕೆ, ಸಾಕು, ಬಿಡಿ" ಅಂದರೆ ನಿಲ್ಲುತ್ತದೆ. ಮನೆಯವರನ್ನು ಒಪ್ಪಿಸುವುದು ಹೇಗೆ ಎಂದು ತಲೆ ಕೆಡಿಸಿಕೊಂಡವರಿಗೆ ಈ ಅರ್ಧ ಗಂಟೆ ಸಾಕು: ಮನೆಯವರಿಗೆ ಬೇಕಾದ್ದು ಭರವಸೆಯ ಭಾಷಣವಲ್ಲ, ಎಷ್ಟು ಚೌಕ ಅನ್ನುವ ಲೆಕ್ಕ.

ಆಮೇಲೆ ಮಾರುಕಟ್ಟೆ ಸಮೀಕ್ಷೆ. ಪ್ರಶ್ನೆಪಟ್ಟಿ ಹಿಡಿದು ಪೇಟೆಗೆ ಹೋಗಿ ಅಂಗಡಿಯವರನ್ನು, ಗಿರಾಕಿಗಳನ್ನು ಮಾತಾಡಿಸಬೇಕು. ಐಡಿ ಕಾರ್ಡ್ ಕೊರಳಲ್ಲಿ ಹಾಕಿಕೊಂಡು ಓಡಾಡಿದವರಿಗೆ ಇದು ಮುಜುಗರದ ಕೆಲಸ, ಅದಕ್ಕೇ ಬೇಕಾದ ಕೆಲಸ. "ನಮ್ಮದೊಂದು ಐಟಂ ಇದೆ, ಇಡ್ತೀರಾ?" ಎಂದು ಅಪರಿಚಿತ ಅಂಗಡಿಯಲ್ಲಿ ಕೇಳಲು ನಾಲಿಗೆ ಹೊರಳದವರು ಅದನ್ನು ರಾಜೀನಾಮೆಗೆ ಮೊದಲೇ ತಿಳಿದುಕೊಂಡರೆ ಒಳ್ಳೆಯದು.

ತರಬೇತಿಯಲ್ಲಿ ಅತಿ ದುರ್ಬಲ ಭಾಗ ಯೋಜನಾ ವರದಿ. ವಿಷಯ ಕಲಿಸುತ್ತಾರೆ, ಆದರೆ ವರದಿ ಬರೆಯುವವರ ಕಣ್ಣು ಬ್ಯಾಂಕಿನ ಮೇಲೆ ಇರುತ್ತದೆ. ಕಾಗದದ ಮೇಲೆ ಲಾಭ ಕಂಡರೆ ಸಾಲ ಸಿಗುತ್ತದಲ್ಲ! ದೋಸೆ ಹಿಟ್ಟಿನ ಘಟಕವನ್ನೇ ನೋಡಿ. ಲೆಕ್ಕಕ್ಕೆ ಅಕ್ಕಿ ಕಿಲೋಗೆ 45 ರೂ., ಉದ್ದು 130 ರೂ. ಅಂತಿಟ್ಟುಕೊಳ್ಳಿ. ಮೂರಕ್ಕೆ ಒಂದರಂತೆ ಬೆರೆಸಿದರೆ ಒಂದು ಕಿಲೋ ಒಣ ಧಾನ್ಯಕ್ಕೆ 66 ರೂ. ಬೀಳುತ್ತದೆ. ಅದು ನೆನೆದು ರುಬ್ಬಿದ ಮೇಲೆ ಸುಮಾರು 2.3 ಕಿಲೋ ಹಿಟ್ಟು. ಅಂದರೆ ಹಿಟ್ಟಿನ ಕಿಲೋಗೆ ಕಚ್ಚಾಮಾಲು 29 ರೂ. ಕವರು, ಲೇಬಲ್ಲಿಗೆ 4, ಕರೆಂಟು ನೀರಿಗೆ 3, ಪೆಟ್ರೋಲಿಗೆ 5 ಸೇರಿಸಿ: ಒಟ್ಟು 41. ಅಂಗಡಿಯಲ್ಲಿ 70ಕ್ಕೆ ಮಾರಿ, ಅಂಗಡಿಯವರ ಕಮಿಷನ್ 12 ಕಳೆದರೆ ಕೈಗೆ 58. ಉಳಿಕೆ 17 ರೂ. ದಿನಕ್ಕೆ 60 ಕಿಲೋ, ಮೂವತ್ತು ದಿನ: 30,600 ರೂ. ವರದಿ ಇಲ್ಲಿಗೆ ಮುಗಿಯುತ್ತದೆ. ಸಂಬಳ 28,000 ಇದ್ದವರು ಇದನ್ನು ನೋಡಿ ಆ ರಾತ್ರಿಯೇ ರಾಜೀನಾಮೆಯ ಮೇಲ್ ಟೈಪ್ ಮಾಡುತ್ತಾರೆ.

ಆದರೆ ಹಿಟ್ಟು ಸುಮ್ಮನೆ ಕೂರುವ ಮಾಲಲ್ಲ, ಹುಳಿಯುತ್ತಲೇ ಇರುತ್ತದೆ. ಏಪ್ರಿಲ್ ಬಿಸಿಲಿಗೆ ಕವರು ಊದಿ ಬಲೂನಾಗುತ್ತದೆ. ಫ್ರಿಜ್ಜಿನ ಬಾಗಿಲಲ್ಲಿ ಇಟ್ಟದ್ದು ಎರಡೇ ದಿನಕ್ಕೆ ಹುಳಿ. ಮಾರದ್ದನ್ನು ಅಂಗಡಿಯವರು ವಾಪಸು ಕೊಡುತ್ತಾರೆ. ನೂರಕ್ಕೆ ಹತ್ತು ಕಿಲೋ ವಾಪಸು ಬಂದರೆ ತೊಂಬತ್ತು ಕಿಲೋ ದುಡ್ಡು 5,220 ರೂ., ಖರ್ಚು ಮಾತ್ರ ನೂರು ಕಿಲೋದ್ದೇ, 4,100. ಉಳಿಕೆ ಕಿಲೋಗೆ 17ರಿಂದ 11 ರೂ. 20 ಪೈಸೆಗೆ ಇಳಿಯಿತು. ಕೆಲಸದ ದಿನ 26 ಅನ್ನಿ: ತಿಂಗಳಿಗೆ 17,472 ರೂ. ಬಾಡಿಗೆ, ಸಹಾಯಕರ ಕೂಲಿ, ಗ್ರೈಂಡರ್ ಸಾಲದ ಕಂತು ಇನ್ನೂ ಕಟ್ಟಿಲ್ಲ. ವರದಿಯಲ್ಲಿ ಮಾಲೀಕರ ದುಡಿಮೆಗೆ ಕೂಲಿಯ ಸಾಲೇ ಇರುವುದಿಲ್ಲ. ಆ ಸಾಲನ್ನು ನೀವೇ ಗೀಚಿ ಸೇರಿಸಿ, ಎದುರಿಗೆ ಈಗಿನ ಸಂಬಳ ಬರೆಯಿರಿ. ಅದು ತುಂಬಲು ದಿನಕ್ಕೆ ಎಷ್ಟು ಕಿಲೋ ಬೇಕು ಅನ್ನುವುದೇ ಕೆಲಸ ಬಿಡುವ ಗೆರೆ. ಶನಿವಾರ ಹತ್ತು ಕಿಲೋ ರುಬ್ಬಿ ಭಾನುವಾರ ನಾಲ್ಕು ಅಂಗಡಿಗೆ ಹಾಕಿ, ಮೂರು ತಿಂಗಳು ವಾಪಸಿನ ಲೆಕ್ಕ ಬರೆದಿಟ್ಟರೆ ಈ ಸಂಖ್ಯೆಗಳೆಲ್ಲ ಊಹೆಯಾಗಿ ಉಳಿಯುವುದಿಲ್ಲ. ಅದಕ್ಕೆ ಮೊದಲು ಆಹಾರ ಸುರಕ್ಷತಾ ನೋಂದಣಿ ಮಾಡಿಸಿ, ನೇಮಕಾತಿ ಪತ್ರದಲ್ಲಿ ಬೇರೆ ವ್ಯವಹಾರ ಮಾಡಬಾರದೆಂಬ ಷರತ್ತು ಇದೆಯೇ ಓದಿಕೊಳ್ಳಿ.

ಕೆಲಸದಿಂದ ಹೊರಬರುವ ವಿಧಾನ ಈ ಪಾಠಕ್ರಮದ ವಿಷಯವಲ್ಲ. ಎದುರಿಗೆ ಕೂತವರು ನಿರುದ್ಯೋಗಿಗಳು ಎಂದು ಹಿಡಿದು ಮಾಡಿದ್ದು, ಸಹಜ. ಹಾಗಾಗಿ ಇಷ್ಟನ್ನು ಹೊರಗೇ ಮುಗಿಸಿಕೊಳ್ಳಬೇಕು. ಕಂಪನಿಯ ಆರೋಗ್ಯ ವಿಮೆ ಸಾಮಾನ್ಯವಾಗಿ ಕೊನೆಯ ದಿನಕ್ಕೇ ನಿಲ್ಲುತ್ತದೆ. ಅದೇ ವಿಮಾ ಕಂಪನಿಯ ವೈಯಕ್ತಿಕ ಪಾಲಿಸಿಗೆ ವರ್ಗಾಯಿಸಿಕೊಳ್ಳಲು ಅವಕಾಶವಿದೆ, ಹಳೆಯ ಕಾಯಿಲೆಗಳಿಗೆ ಈಗಾಗಲೇ ಕಾದು ಕಳೆದ ಅವಧಿ ಹೊಸ ಪಾಲಿಸಿಯಲ್ಲೂ ಲೆಕ್ಕಕ್ಕೆ ಬರುತ್ತದೆ, ಆದರೆ ಅರ್ಜಿ ಕೆಲಸದಲ್ಲಿ ಇರುವಾಗಲೇ ಹೋಗಬೇಕು. ಕಾಯಂ ನೌಕರರಿಗೆ ಗ್ರಾಚ್ಯುಟಿ ಐದು ವರ್ಷಕ್ಕೆ: ನಾಲ್ಕು ಚಿಲ್ಲರೆ ವರ್ಷಕ್ಕೆ ಬಿಡುವವರು ಕ್ಯಾಲೆಂಡರ್ ನೋಡಿ ಬಿಡಿ. ಕೊನೆಯ ಮೂಲವೇತನ ಮತ್ತು ಡಿಎ ಸೇರಿದ ಮೊತ್ತವನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ಸೇವೆಯ ವರ್ಷಗಳಿಂದ ಗುಣಿಸಿದರೆ ಕೈಗೆ ಸುಮಾರು ಎಷ್ಟು ಅಂತ ಗೊತ್ತಾಗುತ್ತದೆ. ಮನೆ ಸಾಲ, ಸಾಲದ ಟಾಪ್-ಅಪ್ ಏನೇ ಬೇಕಿದ್ದರೂ ಸಂಬಳದ ಚೀಟಿ ಇರುವಾಗಲೇ ಕೇಳಿ. ಚೀಟಿ ನಿಂತ ಮರುದಿನ ಅದೇ ಬ್ಯಾಂಕು ಎರಡು ಮೂರು ವರ್ಷದ ಐಟಿ ರಿಟರ್ನ್ ಕೇಳುತ್ತದೆ. ಮನೆ ಖರ್ಚಿನ ದುಡ್ಡನ್ನು ವ್ಯಾಪಾರದ ಖಾತೆಯಿಂದ ದೂರ, ಬೇರೆ ಬ್ಯಾಂಕಿನಲ್ಲೇ ಇಡಿ. ಒಂದೇ ಖಾತೆಯಲ್ಲಿ ಇದ್ದರೆ ಮೊದಲ ಸಗಟು ಖರೀದಿಗೇ ಮಕ್ಕಳ ಶಾಲೆ ಫೀಸು ಅಕ್ಕಿ ಮೂಟೆಯಾಗಿರುತ್ತದೆ.

ಸಾಲದ ಕಡೆ ರುಡ್‌ಸೆಟ್ ನಿಜಕ್ಕೂ ಉಪಯೋಗಕ್ಕೆ ಬರುತ್ತದೆ. ಬ್ಯಾಂಕೇ ನಡೆಸುವ ಸಂಸ್ಥೆಯ ಪ್ರಮಾಣಪತ್ರ ಹಿಡಿದು ಹೋದರೆ ಮ್ಯಾನೇಜರ್ ಕುರ್ಚಿ ತೋರಿಸುತ್ತಾರೆ. ಸಬ್ಸಿಡಿ ಸಹಿತ ಸಾಲ ಕೊಡಿಸುವ ಕೇಂದ್ರದ ಪಿಎಂಇಜಿಪಿ ಯೋಜನೆಗೆ ಕಡ್ಡಾಯವಾದ ಉದ್ಯಮಶೀಲತಾ ತರಬೇತಿಯೂ ಇಲ್ಲಿ ಸಿಗುತ್ತದೆ. ಆ ಯೋಜನೆಯ 2022ರ ಪರಿಷ್ಕೃತ ನಿಯಮದಲ್ಲಿ ತಯಾರಿಕಾ ಘಟಕಕ್ಕೆ 50 ಲಕ್ಷ, ಸೇವಾ ಘಟಕಕ್ಕೆ 20 ಲಕ್ಷ ರೂ. ಮಿತಿ. ಗ್ರಾಮೀಣ ಪ್ರದೇಶದ ಸಾಮಾನ್ಯ ವರ್ಗದ ಪುರುಷರ 10 ಲಕ್ಷದ ಯೋಜನೆ ಅಂದರೆ ಸ್ವಂತದ್ದು 1 ಲಕ್ಷ, ಬ್ಯಾಂಕಿನದು 9 ಲಕ್ಷ, ಸಬ್ಸಿಡಿ 2.5 ಲಕ್ಷ. ಮಹಿಳೆಯರು, ಪರಿಶಿಷ್ಟರು, ಹಿಂದುಳಿದ ವರ್ಗದವರಿಗೆ ಸ್ವಂತದ್ದು ಶೇ. 5, ಸಬ್ಸಿಡಿ ಶೇ. 35. ಜನ ತಪ್ಪು ತಿಳಿಯುವುದು ಇಲ್ಲೇ. ಸಬ್ಸಿಡಿ ಕೈಗೆ ಬರುವ ದುಡ್ಡಲ್ಲ. ಮೂರು ವರ್ಷ ಬ್ಯಾಂಕಿನಲ್ಲೇ ಠೇವಣಿಯಾಗಿ ಕೂತು, ಘಟಕ ನಡೆಯುತ್ತಿದ್ದರೆ ಮಾತ್ರ ಸಾಲಕ್ಕೆ ಜಮೆಯಾಗುತ್ತದೆ. ಇನ್ನೊಂದು, ಯೋಜನೆಯ ಈ ಮೊದಲ ಸಾಲ ಹೊಸ ಘಟಕಕ್ಕೆ ಮಾತ್ರ. ಮೊದಲೇ ಬೋರ್ಡು ಹಾಕಿ, ಬೇರೆ ಸಾಲ ತಂದು ಶುರುಮಾಡಿದವರು ಆಮೇಲೆ ಇದಕ್ಕೆ ಅರ್ಜಿ ಹಾಕುವಂತಿಲ್ಲ. ಭಾನುವಾರದ ಹತ್ತು ಕಿಲೋ ಪ್ರಯೋಗ ಸ್ವಂತ ದುಡ್ಡಲ್ಲೇ ಇರಲಿ ಅನ್ನುವುದು ಇದಕ್ಕೇ. ಸಣ್ಣದಕ್ಕೆ ಮುದ್ರಾ ಸಾಲ ಸಾಕು: ಶಿಶು ಹಂತದಲ್ಲಿ 50 ಸಾವಿರ, ಕಿಶೋರದಲ್ಲಿ 5 ಲಕ್ಷ, ತರುಣದಲ್ಲಿ 10 ಲಕ್ಷದವರೆಗೆ, ಅಡಮಾನವಿಲ್ಲದೆ.

ಜಿಎಸ್‌ಟಿ ಬಗ್ಗೆ ತರಗತಿಯಲ್ಲಿ ಸಿಗುವಷ್ಟು ಸಾಲದು. 2025ರ ಜುಲೈನಲ್ಲಿ ಯುಪಿಐ ಲೆಕ್ಕ ನೋಡಿ ಕರ್ನಾಟಕದ ಬೇಕರಿ, ಕಾಂಡಿಮೆಂಟ್ಸ್ ಅಂಗಡಿಗಳಿಗೆ ನೋಟಿಸು ಹೋದದ್ದು ಎಲ್ಲರಿಗೂ ನೆನಪಿದೆ. ಸರಕಿಗೆ ವರ್ಷಕ್ಕೆ 40 ಲಕ್ಷ, ಸೇವೆಗೆ 20 ಲಕ್ಷ ರೂ. ವಹಿವಾಟು ದಾಟಿದರೆ ನೋಂದಣಿ ಬೇಕು. ಮೊದಲ ದಿನದಿಂದಲೇ ವ್ಯಾಪಾರಕ್ಕೆ ಬೇರೆ ಖಾತೆ, ಬೇರೆ ಕ್ಯೂಆರ್ ಇಡಿ. ಭಾವಮೈದುನ ವಾಪಸು ಕೊಟ್ಟ ಕೈಗಡವೂ ಅದೇ ಕ್ಯೂಆರಿಗೆ ಬಿದ್ದರೆ ಅದು ವಹಿವಾಟಲ್ಲ ಎಂದು ತೋರಿಸುವ ಕೆಲಸ ನಿಮ್ಮದೇ ಆಗುತ್ತದೆ.

ಕುರಿ, ಹಸು, ಹೊಲಿಗೆ, ರಿಪೇರಿ, ತಿಂಡಿ: ಊರಲ್ಲಿ ಕೈಯಿಂದ ಮಾಡುವ ಕಸುಬಿಗೆ ಇದಕ್ಕಿಂತ ಒಳ್ಳೆಯ ಉಚಿತ ಮೆಟ್ಟಿಲು ಸಿಗುವುದು ಕಷ್ಟ. ತರಬೇತಿ ಮುಗಿದ ಮೇಲೂ ಎರಡು ವರ್ಷ ಸಂಸ್ಥೆಯವರು ವಿಚಾರಿಸುತ್ತಿರುತ್ತಾರೆ, ಆ ಫೋನನ್ನು ಕಾಟ ಅಂದುಕೊಳ್ಳದೆ ಎತ್ತಬೇಕು. ಬ್ಯಾಂಕಿನಲ್ಲಿ ಅರ್ಜಿ ನಿಂತಲ್ಲೇ ನಿಂತಾಗ ಹೇಳಿಕೊಳ್ಳುವುದಕ್ಕೆ ಅದೇ ದಾರಿ. ಸಾಫ್ಟ್‌ವೇರ್ ಸೇವೆ, ರಫ್ತು, ದೊಡ್ಡ ಯಂತ್ರಗಳ ಘಟಕ ಯೋಚಿಸುವವರಿಗೆ ಇದು ಒಗ್ಗುವುದಿಲ್ಲ. ಅವರು ಧಾರವಾಡದ ಸಿಡಾಕ್‌ (ಕರ್ನಾಟಕ ಉದ್ಯಮಶೀಲತಾಭಿವೃದ್ಧಿ ಕೇಂದ್ರ) ಅಂಥ ಕಡೆ, ಇಲ್ಲವೇ ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ವಿಚಾರಿಸಲಿ. ಅರ್ಜಿ ಹಾಕುವವರು ಹತ್ತಿರದ ಕೇಂದ್ರಕ್ಕೆ ಫೋನ್ ಮಾಡಿ ಮುಂದಿನ ಮೂರು ತಿಂಗಳ ವೇಳಾಪಟ್ಟಿ ಕೇಳಿ, ರಜೆಗೆ ಹೊಂದುವ ಹತ್ತು ದಿನದ ತಂಡ ಹಿಡಿಯಿರಿ. ಚೀಲದಲ್ಲಿ ಒಂದು ಹಾಸು, ಹೊದಿಕೆ ಮತ್ತು ಈಗಿನ ಮನೆ ಖರ್ಚಿನ ಮೂರು ತಿಂಗಳ ಲೆಕ್ಕದ ಪುಸ್ತಕ ಇರಲಿ.