ಡ್ರೀಮ್ ಥಿಯೇಟರ್: ಮೊದಲು 1992ರದ್ದಾ, 1999ರದ್ದಾ?

ಅಮೆರಿಕದ ಮೆಟಲ್ ಬ್ಯಾಂಡ್ ಡ್ರೀಮ್ ಥಿಯೇಟರನ್ನು ಹೊಸದಾಗಿ ಕೇಳುವವರು ಅದರ ಈ ಎರಡು ಆಲ್ಬಮ್ಮುಗಳ ನಡುವೆಯೇ ಸಿಕ್ಕಿಕೊಳ್ಳುತ್ತಾರೆ: 'ಇಮೇಜಸ್ ಆಂಡ್ ವರ್ಡ್ಸ್' (1992), 'ಸೀನ್ಸ್ ಫ್ರಮ್ ಎ ಮೆಮೊರಿ' (1999). ಪೆಟ್ರುಚಿ (ಗಿಟಾರ್), ಮ್ಯುಂಗ್ (ಬೇಸ್ ಗಿಟಾರ್), ಪೋರ್ಟ್ನಾಯ್ (ಡ್ರಮ್ಸ್), ಲಾಬ್ರಿ (ಹಾಡುಗಾರಿಕೆ) ಎರಡರಲ್ಲೂ ಇದ್ದಾರೆ. ಬದಲಾದದ್ದು ಕೀಬೋರ್ಡ್ ನುಡಿಸುವವರು ಮಾತ್ರ, ಆದರೆ ಅಷ್ಟಕ್ಕೇ ಬ್ಯಾಂಡಿನ ದನಿ ಎಷ್ಟು ಬೇರೆಯಾಯಿತು ನೋಡಿ.

1992ರದ್ದರಲ್ಲಿ ಕೆವಿನ್ ಮೂರ್ ಕಡಿಮೆ ನುಡಿಸಿ ಹಾಡಿಗೆ ಜಾಗ ಬಿಡುತ್ತಾರೆ. 1994ರಲ್ಲಿ ಅವರು ಹೊರಟ ಮೇಲೆ ಡೆರೆಕ್ ಶೆರಿನಿಯನ್, ಆಮೇಲೆ 1999ಕ್ಕೆ ಜೋರ್ಡನ್ ರುಡೆಸ್. ರುಡೆಸ್ ಗಿಟಾರಿಗೆ ಸರಿಸಮನಾಗಿ ಓಡುತ್ತಾರೆ: 1999ರ ಆಲ್ಬಮ್ಮಿನ 'ದ ಡ್ಯಾನ್ಸ್ ಆಫ್ ಎಟರ್ನಿಟಿ'ಯ ಸುಮಾರು ಆರು ನಿಮಿಷದಲ್ಲಿ ತಾಳ ನೂರಕ್ಕೂ ಹೆಚ್ಚು ಸಲ ಬದಲಾಗುತ್ತದೆ, ನಡುವೆ ಹಳೆಯ ಅಮೆರಿಕನ್ ಶೈಲಿಯ ರ್ಯಾಗ್‌ಟೈಮ್ ಪಿಯಾನೋ ಬೇರೆ! ಇಡೀ ಆಲ್ಬಮ್ ಒಂದೇ ಕಥೆ, ಪೂರ್ತಿ ಕೂತು ಕೇಳಬೇಕು.

ಅಷ್ಟು ಪುರುಸೊತ್ತು ಇಲ್ಲ ಅಂದ್ರೆ 1992ರದ್ದೇ ಹಾಕಿ. ಅದರಲ್ಲಿನ 'ಪುಲ್ ಮಿ ಅಂಡರ್' ಹಾಡು ಥಟ್ಟನೆ ನಿಂತರೆ ಗಾಬರಿ ಬೇಡ, ಅದು ಮುಗಿಯೋದೇ ಹಾಗೆ.