ಮೈಸೂರು ಕೋರ್ಟ್ ಬಳಿಯ ಟೈಪಿಂಗ್-ನೋಟರಿ ಅಂಗಡಿ: ವೈದ್ಯಕೀಯ ಪ್ರತಿನಿಧಿ ಪತ್ರ ಬರೆಸುವವರಿಗೆ

ನಮಗೆ ಹೇಳಲಾಗದ ಸ್ಥಿತಿ ಬಂದಾಗ ನಮ್ಮ ಚಿಕಿತ್ಸೆ ಬಗ್ಗೆ ಯಾರು ಮಾತಾಡಬೇಕು ಎಂದು ಹೆಸರಿಸುವ ಪತ್ರವಿದು. ಈ ಅಂಗಡಿಯಲ್ಲಿ ಟೈಪಿಂಗ್ ಚೊಕ್ಕ, ನೋಟರಿ ಸೀಲೂ ಬೇಗ ಬೀಳುತ್ತದೆ. ಆದರೆ ಬಿಡಿಸಿ ಹೇಳದಿದ್ದರೆ ಹಳೇ ಜಿಪಿಎ (ನಮ್ಮ ಪರವಾಗಿ ವ್ಯವಹರಿಸಲು ಇನ್ನೊಬ್ಬರಿಗೆ ಕೊಡುವ ಸಾಮಾನ್ಯ ಅಧಿಕಾರ ಪತ್ರ) ನಮೂನೆಯಲ್ಲೇ ಹೆಸರು ಬದಲಿಸಿ ಕೊಟ್ಟುಬಿಡುತ್ತಾರೆ. ಇದು ದೊಡ್ಡ ತಪ್ಪು. ಕರಾರು ಕಾಯ್ದೆಯ 201ನೇ ಕಲಂ ಪ್ರಕಾರ, ಬರೆದುಕೊಟ್ಟವರು ಬುದ್ಧಿಸ್ಥಿಮಿತ ಕಳೆದುಕೊಂಡರೆ ಜಿಪಿಎ ಬಿದ್ದುಹೋಗುತ್ತದೆ. ಪತ್ರ ಬೇಕಾಗುವುದೇ ಆ ಹೊತ್ತಿಗೆ! 'ಮುಂಗಡ ವೈದ್ಯಕೀಯ ನಿರ್ದೇಶನ' (ಯಾವ ಚಿಕಿತ್ಸೆ ಬೇಡ, ನಮ್ಮ ಪರ ಯಾರು ಮಾತಾಡಬೇಕು ಎಂದು ಮೊದಲೇ ಬರೆದಿಡುವ ಪತ್ರ) ಎಂದೇ ಬರೆಸಿ.

ಸುಪ್ರೀಂ ಕೋರ್ಟ್ 2018ರಲ್ಲಿ ಒಪ್ಪಿದ ಈ ಕ್ರಮ 2023ರಲ್ಲಿ ಸರಳವಾಯಿತು. ಇಬ್ಬರು ಸಾಕ್ಷಿಗಳೆದುರು ಸಹಿ, ನೋಟರಿ ಇಲ್ಲವೇ ಗೆಜೆಟೆಡ್ ಅಧಿಕಾರಿಯ ದೃಢೀಕರಣ, ಅಷ್ಟೇ. ಮ್ಯಾಜಿಸ್ಟ್ರೇಟರ ಹತ್ತಿರ ಹೋಗಬೇಕಿಲ್ಲ. ಸಾಕ್ಷಿಗೆ ಅಂಗಡಿ ಹುಡುಗರು ಬೇಡ, ನಿಮ್ಮನ್ನು ಬಲ್ಲ ಹೊರಗಿನವರನ್ನು ಕರೆದೊಯ್ಯಿರಿ.

ಪ್ರತಿನಿಧಿ ಒಬ್ಬರೇ ಸಾಲದು. ಮಗ ಅಮೆರಿಕದಲ್ಲಿದ್ದರೆ ಕುವೆಂಪುನಗರದ ತಂಗಿಯ ಹೆಸರೂ ಇರಲಿ. ರಾತ್ರಿ ಎರಡು ಗಂಟೆಗೆ ಐಸಿಯು ಬಾಗಿಲಿಗೆ ಬರಬಲ್ಲವರು ಬೇಕು. 'ಅನಗತ್ಯ ಚಿಕಿತ್ಸೆ ಬೇಡ' ಎಂಬ ಅಂಗಡಿಯ ಸಾಲಿನಿಂದ ಡಾಕ್ಟರಿಗೆ ಏನೂ ತಿಳಿಯದು. ವೆಂಟಿಲೇಟರ್, ಡಯಾಲಿಸಿಸ್, ಮೂಗಿನ ನಳಿಕೆ: ಯಾವುದು ಯಾವ ಸ್ಥಿತಿಯಲ್ಲಿ ಬೇಡ ಎಂದು ಒಂದೊಂದಾಗಿ ಬರೆಸಿ.

ಪ್ರತಿಗಳನ್ನು ಪ್ರತಿನಿಧಿಗಳಿಗೆ, ಮನೆ ಡಾಕ್ಟರಿಗೆ, ಪಾಲಿಕೆಯ ನಿಯೋಜಿತ ಅಧಿಕಾರಿಗೆ ಮುಟ್ಟಿಸಬೇಕು. ಅಂಗಡಿಯಲ್ಲಿ ಇದನ್ನು ಯಾರೂ ಹೇಳುವುದಿಲ್ಲ. ಬೀರುವಿನಲ್ಲಿ ಬೀಗ ಹಾಕಿಟ್ಟ ಪತ್ರ ಆಸ್ಪತ್ರೆಗೆ ಸಿಗುವುದಿಲ್ಲ.