ದುಡ್ಡು ಕೊಟ್ಟ ಕೋರ್ಸೋ, ಪುಕ್ಕಟೆ ಡಾಕ್ಯುಮೆಂಟೇಶನ್ನೋ?

ಜ್ಯಾಂಗೋ, ಅಂದರೆ ಪೈಥಾನ್ ಭಾಷೆಯಲ್ಲಿ ವೆಬ್‌ಸೈಟ್ ಕಟ್ಟುವ ಫ್ರೇಮ್‌ವರ್ಕ್, ಕಲಿಯೋಕೆ ಯಾವುದು ಒಳ್ಳೆಯದು? ಮೊದಲೇ ಹೇಳಿಬಿಡುತ್ತೇನೆ, ನನ್ನ ವೋಟು ಡಾಕ್ಯುಮೆಂಟೇಶನ್‌ಗೆ, ಅಂದರೆ ಅದನ್ನು ಮಾಡಿದವರೇ ಬರೆದಿಟ್ಟ ಕೈಪಿಡಿಗೆ. ನಾನು ಕಂಪ್ಯೂಟರ್ ಸೈನ್ಸ್ ಓದಿದವನಲ್ಲ. ಹಗಲು ಬೇರೆ ಕೆಲಸ, ರಾತ್ರಿ ಒಂದು ಗಂಟೆ ಹೊತ್ತು ಬ್ಯಾಕೆಂಡ್, ಅಂದರೆ ವೆಬ್‌ಸೈಟಿನ ತೆರೆಮರೆಯ ಕೋಡ್, ಕಲಿಯೋದು. ಪೈಥಾನ್ ಅಲ್ಪಸ್ವಲ್ಪ ಬರುತ್ತಿತ್ತು, ಹಾಗಾಗಿ ಜ್ಯಾಂಗೋ ಹಿಡಿದೆ. ಡಿಸ್ಕೌಂಟ್ ಇದೆ ಅಂತ ಒಂದು ದೊಡ್ಡ ವಿಡಿಯೋ ಕೋರ್ಸನ್ನೂ ಕೊಂಡೆ.

ಅದು ಜ್ಯಾಂಗೋದ ಹಳೆಯ ವರ್ಷನ್ 1.11ರ ಕಾಲದ ಕೋರ್ಸ್. ನಾನು ಹಾಕಿಕೊಂಡಿದ್ದು 4.0. ಶುರುವಿನಲ್ಲೇ ಇಂಪೋರ್ಟ್ ಎರರ್. ಯಾವ ವಿಳಾಸಕ್ಕೆ ಯಾವ ಪುಟ ಅಂತ ಹೇಳುವ ಹಳೆಯ 'ಯುಆರ್‌ಎಲ್' ಫಂಕ್ಷನ್ನನ್ನು 4.0ರಲ್ಲಿ ಕಿತ್ತುಹಾಕಿದ್ದಾರೆ, ಈಗ 'ಪಾತ್' ಬಳಸಬೇಕು. ಅದು ಸಣ್ಣ ವಿಷಯ ಬಿಡಿ.

ಆಮೇಲೆ ಫಾರಿನ್ ಕೀ ಬಂತು, ಅಂದರೆ ಡೇಟಾಬೇಸಿನಲ್ಲಿ ಪುಸ್ತಕವನ್ನು ಅದರ ಲೇಖಕರಿಗೆ ಜೋಡಿಸುವಂಥ ಕೊಂಡಿ. ಮೇಷ್ಟ್ರು ಒಂದು ಸಾಲು ಬರೆದು ಮುಂದೆ ಹೋದರು. ನನಗೆ ಮಾತ್ರ 'ಆನ್ ಡಿಲೀಟ್' ಇಲ್ಲ ಅಂತ ಎರರ್. ಲೇಖಕರನ್ನು ಅಳಿಸಿದರೆ ಅವರಿಗೆ ಜೋಡಿಸಿದ ಪುಸ್ತಕಗಳನ್ನು ಏನು ಮಾಡಬೇಕು ಅಂತ ಹೇಳುವುದು ಅದು. 2.0ರಿಂದ ಅದು ಕಡ್ಡಾಯ. 'ಕ್ಯಾಸ್ಕೇಡ್ ಅಂತ ಹಾಕಿ, ಸರಿಹೋಗುತ್ತೆ' ಎಂದು ಪಾಠದ ಕೆಳಗೆ ಯಾರೋ ಬರೆದಿದ್ದರು. ಏನು ಎತ್ತ ನೋಡದೆ ಸುಮ್ನೆ ಹಾಕಿದೆ. ಎರರ್ ಹೋಯಿತು.

ಎರಡು ವಾರದ ನಂತರ ನನ್ನದೇ ಪುಸ್ತಕಪಟ್ಟಿಯ ಆಪ್‌ನಲ್ಲಿ ಒಬ್ಬ ಲೇಖಕರ ಹೆಸರು ಎರಡು ಸಲ ಸೇರಿತ್ತು. ನೇರವಾಗಿ ಕಮಾಂಡ್ ಟೈಪ್ ಮಾಡುವ ಶೆಲ್‌ನಲ್ಲಿ ಒಂದನ್ನು ಡಿಲೀಟ್ ಮಾಡಿದೆ. ನಾನು ಅಳಿಸಿದ್ದು ಒಂದು, ಪರದೆ ತೋರಿಸಿದ್ದು 15! ಲೇಖಕರ ಜೊತೆ ಅವರ 14 ಪುಸ್ತಕಗಳೂ ಹೋಗಿದ್ದವು. ಬ್ಯಾಕಪ್? ಎಲ್ಲಿಂದ ಬರಬೇಕು.

ಅವತ್ತು ರಾತ್ರಿ ಡಾಕ್ಯುಮೆಂಟೇಶನ್ ತೆರೆದೆ. ಕ್ಯಾಸ್ಕೇಡ್ ಅಂದರೆ ಇದೇ ಅಂತ ಅಲ್ಲೇ ಇದೆ. 'ಪ್ರೊಟೆಕ್ಟ್' ಹಾಕಿದ್ದರೆ ಪುಸ್ತಕ ಇರುವ ಲೇಖಕರನ್ನು ಅಳಿಸೋಕೇ ಬಿಡುತ್ತಿರಲಿಲ್ಲ ಅಂತಲೂ ಇದೆ. ನಾನು ಬಳಸುವ ವರ್ಷನ್ ಯಾವುದೋ ಅದರದ್ದೇ ಪುಟ ಆರಿಸಿಕೊಳ್ಳಬಹುದು. ಇನ್ನೊಂದು ವಿಷಯ: 100 ಪುಸ್ತಕ ತೋರಿಸಲು ನನ್ನ ಪುಟ ಡೇಟಾಬೇಸಿಗೆ 101 ಕ್ವೆರಿ, ಅಂದರೆ ಪ್ರಶ್ನೆ, ಕಳಿಸುತ್ತಿತ್ತು: ಪಟ್ಟಿಗೆ ಒಂದು, ಪ್ರತಿ ಪುಸ್ತಕದ ಲೇಖಕರಿಗೆ ಒಂದೊಂದು. ಪುಸ್ತಕದ ಜೊತೆಗೇ ಲೇಖಕರನ್ನೂ ತರುವ 'ಸೆಲೆಕ್ಟ್ ರಿಲೇಟೆಡ್' ಸೇರಿಸಿದರೆ ಒಂದೇ ಸಾಕು ಅಂತ ಗೊತ್ತಾಗಿದ್ದೂ ಅಲ್ಲೇ.

ಓದೋಕೆ ಒಣ ಒಣ, ನಿಜ. ಮೊದಲ ವಾರ ತಲೆಬುಡ ಗೊತ್ತಾಗುವುದಿಲ್ಲ. ಯಾವುದಾದ ಮೇಲೆ ಯಾವುದು ಎನ್ನುವ ಕ್ರಮ ಕೋರ್ಸಿನಲ್ಲಿ ಚೆನ್ನಾಗಿದೆ.

ಆದರೆ ರಾತ್ರಿ ಹನ್ನೊಂದಕ್ಕೆ ಕೂತು ವಿಡಿಯೋವನ್ನು ಹಿಂದೆ ಮುಂದೆ ಎಳೆಯುವ ತಾಳ್ಮೆ ನನಗಿಲ್ಲ. ಬೇಕಾದ ಪದ ಹುಡುಕಿ, ಎರಡು ಪ್ಯಾರಾ ಓದಿ, ಕೋಡ್ ಬರೆಯುವವನು ನಾನು. ನಿಮಗೆ ಯಾರಾದರೂ ಎದುರಿಗೆ ಮಾಡಿ ತೋರಿಸಲೇಬೇಕಾ? ಕೋರ್ಸ್ ಕೊಳ್ಳಿ, ಆದರೆ ದುಡ್ಡು ಕೊಡೋ ಮುಂಚೆ ಅದು ಯಾವ ವರ್ಷನ್ನಿನದು ಅಂತ ನೋಡಿ. ನನ್ನದು 38 ಪರ್ಸೆಂಟಿಗೆ ನಿಂತಿದೆ. 14 ಪುಸ್ತಕಗಳನ್ನು ಮತ್ತೆ ಕೂತು ಟೈಪ್ ಮಾಡಿದೆ, ಈ ಸಲ ಪ್ರೊಟೆಕ್ಟ್ ಹಾಕಿಕೊಂಡು.